ಹಳೆಯದಾದ ಮಾತ್ರಕ್ಕೆ ಬೆಲೆ ಬರುವುದಿಲ್ಲ: ಅರಬ್ ನಾಡಿನ ವಿಕ್ಟೋರಿಯನ್ ಪ್ರವಾಸ ಪುಸ್ತಕಗಳನ್ನು ಕೊಳ್ಳುವ ಮುಂಚೆ

ಕೊಲ್ಲಿ ದೇಶಗಳಲ್ಲಿ ಕೆಲಸ ಮಾಡುವ ಕನ್ನಡಿಗರಲ್ಲಿ ಹಲವರು ಶಾರ್ಜಾ, ಅಬುಧಾಬಿಯ ಪುಸ್ತಕ ಮೇಳಗಳಿಗೆ ಹೋಗಿ ಬರುತ್ತಾರೆ. ಅಲ್ಲಿ ಹಳೆಯ ಪುಸ್ತಕಗಳ ವ್ಯಾಪಾರಿಗಳೂ ಮಳಿಗೆ ಹಾಕಿರುತ್ತಾರೆ. ಗಾಜಿನ ಪೆಟ್ಟಿಗೆಯಲ್ಲಿ ಮಾಸಿದ ಬಟ್ಟೆ ರಟ್ಟಿನ ಎರಡು ಮೂರು ಸಂಪುಟ. ಮೆಕ್ಕಾ ಯಾತ್ರೆಯದೋ, ನಜ್ದ್ ಮರುಭೂಮಿಯದೋ ಕಥೆ. ಬೆಲೆ ಕೇಳಿದರೆ ಲಕ್ಷಗಳಲ್ಲಿ ಹೇಳುತ್ತಾರೆ. ಮನೆಗೆ ಬಂದು ಮೊಬೈಲಿನಲ್ಲಿ ಹುಡುಕಿದರೆ ಅದೇ ಹೆಸರಿನ ಪುಸ್ತಕ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಬೇಕಾದರೆ ಪುಕ್ಕಟೆ ಡೌನ್‌ಲೋಡ್ ಕೂಡ ಮಾಡಿಕೊಳ್ಳಬಹುದು.

ಹಾಗಾದರೆ ಆ ಲಕ್ಷ ಯಾತಕ್ಕೆ? ಓದುವ ವಿಷಯಕ್ಕಂತೂ ಅಲ್ಲ. ಅದು ಎರಡೂ ಕಡೆ ಒಂದೇ. ಬೆಲೆ ಇರುವುದು ಆ ನಿರ್ದಿಷ್ಟ ಪ್ರತಿಗೆ. ಅದು ಯಾವಾಗ ಅಚ್ಚಾಯಿತು, ಒಳಗಿನ ನಕ್ಷೆ ಇದೆಯಾ, ರಟ್ಟು ಮೊದಲಿನದೇನಾ, ಯಾರ ಕೈಯಲ್ಲಿತ್ತು ಅನ್ನುವುದಕ್ಕೆ. ಇದನ್ನು ಒಂದೊಂದಾಗಿ ಬಿಡಿಸಿ ನೋಡೋಣ. ನಡುವೆ ಮುಂಬೈ ಮತ್ತೆ ಮತ್ತೆ ಬರುತ್ತದೆ, ಅದಕ್ಕೂ ಕಾರಣ ಇದೆ.

ಯಾವ ಪುಸ್ತಕಗಳ ಮಾತು ಇದು?

ವಿಕ್ಟೋರಿಯಾ ರಾಣಿ ಆಳಿದ್ದು 1837ರಿಂದ 1901ರವರೆಗೆ. ಆ ಕಾಲದಲ್ಲಿ ಅರಬ್ ಪ್ರದೇಶಗಳನ್ನು ಸುತ್ತಿದ ಬ್ರಿಟಿಷರು ಬರೆದ ಪುಸ್ತಕಗಳನ್ನು ಸಂಗ್ರಾಹಕರು ಒಂದು ಗುಂಪಾಗಿ ನೋಡುತ್ತಾರೆ. ಸೌದಿ ಅರೇಬಿಯಾ ಅನ್ನುವ ದೇಶ ಆಗ ಇರಲಿಲ್ಲ. ಮೆಕ್ಕಾ, ಮದೀನಾ ಇರುವ ಪಡುವಣ ಭಾಗ ಹಿಜಾಜ್. ಒಳನಾಡು ನಜ್ದ್. ಇವುಗಳ ಜೊತೆ ಯೆಮನ್, ಒಮಾನ್, ಇರಾಕ್, ಸಿರಿಯಾ, ಈಜಿಪ್ಟ್.

ಎಲ್ಲರ ಬಾಯಲ್ಲೂ ಮೊದಲು ಬರುವ ಹೆಸರು ರಿಚರ್ಡ್ ಬರ್ಟನ್. ಈಸ್ಟ್ ಇಂಡಿಯಾ ಕಂಪನಿಯ ಬಾಂಬೆ ಸೇನೆಯ ಅಧಿಕಾರಿ. 1853ರಲ್ಲಿ ಪಠಾಣ ಹಕೀಮನ ವೇಷ ಹಾಕಿಕೊಂಡು ಹಜ್ ಯಾತ್ರಿಕರ ಜೊತೆ ಮದೀನಾ, ಮೆಕ್ಕಾ ಹೊಕ್ಕವರು. ಮುಸ್ಲಿಮರಲ್ಲದವರಿಗೆ ಆಗ ಅಲ್ಲಿ ಪ್ರವೇಶ ಇರಲಿಲ್ಲ. ಉಚ್ಚಾರಣೆಯಲ್ಲಿ ಎಡವಟ್ಟಾದರೂ ‘ಹಿಂದೂಸ್ತಾನದಲ್ಲಿ ಬೆಳೆದ ಪಠಾಣ’ ಅಂದರೆ ಅರಬರು ನಂಬುತ್ತಿದ್ದರು. ಅವರ ಜೊತೆಗಿದ್ದ ಸೇವಕ ಶೇಖ್ ನೂರ್ ಕೂಡ ಭಾರತದವನೇ. ಈ ಯಾತ್ರೆಯ ಕಥೆಯನ್ನು ಲಂಡನ್ನಿನ ಲಾಂಗ್‌ಮನ್ ಸಂಸ್ಥೆ ಮೂರು ಸಂಪುಟಗಳಲ್ಲಿ ತಂದಿತು. ಎರಡು 1855ರಲ್ಲಿ, ಮೂರನೆಯದು 1856ರಲ್ಲಿ.

ವಿಲಿಯಂ ಗಿಫರ್ಡ್ ಪಾಲ್‌ಗ್ರೇವ್ ಸಿರಿಯಾದ ವೈದ್ಯನ ವೇಷದಲ್ಲಿ 1862–63ರಲ್ಲಿ ರಿಯಾಧ್‌ವರೆಗೆ ಹೋದರು. ಖರ್ಚು ಕೊಟ್ಟದ್ದು ಫ್ರಾನ್ಸಿನ ದೊರೆ ಮೂರನೇ ನೆಪೋಲಿಯನ್. ಪುಸ್ತಕ ಬಂದದ್ದು 1865ರಲ್ಲಿ. ಅವರು ಹೇಳಿದ್ದರಲ್ಲಿ ಎಷ್ಟು ನಿಜ ಅನ್ನುವ ಜಗಳ ಆಮೇಲೆ ಬಹಳ ಕಾಲ ನಡೆಯಿತು. ಲೇಡಿ ಆನ್ ಬ್ಲಂಟ್ ಕವಿ ಬೈರನ್‌ನ ಮೊಮ್ಮಗಳು, ಗಣಿತಜ್ಞೆ ಏಡಾ ಲವ್‌ಲೇಸ್‌ಳ ಮಗಳು. ಗಂಡನ ಜೊತೆ ಅರಬ್ಬೀ ಕುದುರೆ ಹುಡುಕಿಕೊಂಡು ನಜ್ದ್‌ಗೆ ಹೋದವರು. ಅವರ ನಜ್ದ್ ಪುಸ್ತಕ 1881ರದು. ಚಾರ್ಲ್ಸ್ ಡೌಟಿ ಮಾತ್ರ ಯಾವ ಮತವೇಷವನ್ನೂ ಹಾಕಲಿಲ್ಲ. ತಾನು ಕ್ರೈಸ್ತ ಅಂತ ಹೇಳಿಕೊಂಡೇ 1876ರಿಂದ 78ರವರೆಗೆ ಮರುಭೂಮಿಯ ಅಲೆಮಾರಿಗಳಾದ ಬೆದುವಿನರ ಜೊತೆ ಅಲೆದರು, ಪೆಟ್ಟೂ ತಿಂದರು. ಅವರ ‘ಟ್ರಾವೆಲ್ಸ್ ಇನ್ ಅರೇಬಿಯಾ ಡೆಸೆರ್ಟಾ’ 1888ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಅಚ್ಚುಕೂಟದಿಂದ ಬಂತು.

ಬ್ರಿಟಿಷರಿಗೆ ಅಲ್ಲೇನು ಕೆಲಸ?

ಚಿಕ್ಕ ಉತ್ತರ: ಭಾರತಕ್ಕೆ ಹೋಗುವ ದಾರಿ. ಉಗಿಹಡಗು ಬಂದ ಮೇಲೆ ಕೆಂಪು ಸಮುದ್ರದ ದಾರಿ ಮುಖ್ಯವಾಯಿತು. ಹಡಗಿಗೆ ಕಲ್ಲಿದ್ದಲು ತುಂಬಿಸಲು ಬಂದರು ಬೇಕು. ಹಾಗಾಗಿ 1839ರಲ್ಲಿ ಯೆಮನ್ ತೀರದ ಏಡನ್ ವಶವಾಯಿತು. 1932ರವರೆಗೂ ಅದರ ಆಡಳಿತ ನಡೆದದ್ದು ಬಾಂಬೆ ಪ್ರಾಂತ್ಯದಿಂದ. ಪರ್ಷಿಯನ್ ಕೊಲ್ಲಿಯ ಬುಶೆರ್‌ನಲ್ಲಿದ್ದ ಬ್ರಿಟಿಷ್ ರೆಸಿಡೆಂಟ್ (ಸರ್ಕಾರದ ಪ್ರತಿನಿಧಿ) ಕೂಡ 1873ರವರೆಗೆ ಬಾಂಬೆ ಸರ್ಕಾರಕ್ಕೇ ವರದಿ ಒಪ್ಪಿಸುತ್ತಿದ್ದರು.

ಕರಾವಳಿಯ ಆಳ, ಬಂಡೆ, ಗಾಳಿ ಎಲ್ಲ ಅಳೆದು ನಕ್ಷೆ ಮಾಡಿದವರು ಕಂಪನಿಯ ನೌಕಾಪಡೆಯವರು. ‘ಪ್ಯಾಲಿನ್ಯೂರಸ್’ ಅನ್ನುವ ಸರ್ವೆ ಹಡಗಿನಲ್ಲಿದ್ದ ಜೇಮ್ಸ್ ವೆಲ್‌ಸ್ಟೆಡ್ ಅನ್ನುವ ಲೆಫ್ಟಿನೆಂಟ್ ಹಡಗಿಳಿದು ಒಮಾನಿನ ಒಳಗೂ ಹೋದ. ಅವನ ಎರಡು ಸಂಪುಟ 1838ರಲ್ಲಿ ಬಂದವು. ಹೀಗೆ ಈ ಪುಸ್ತಕಗಳ ಲೇಖಕರಲ್ಲಿ ಅನೇಕರು ಬಾಂಬೆ ಸರ್ಕಾರದ ಸಂಬಳದವರು, ಇಲ್ಲವೇ ಒಂದು ಕಾಲದಲ್ಲಿ ಆಗಿದ್ದವರು. ಪಾಲ್‌ಗ್ರೇವ್ ಕೂಡ ಪಾದ್ರಿಯಾಗುವ ಮುಂಚೆ ಬಾಂಬೆ ಸೇನೆಯಲ್ಲಿದ್ದವರೇ.

ಕುದುರೆ ವ್ಯಾಪಾರದ ನಂಟು ಬೇರೆಯೇ ಇತ್ತು. ಬಸ್ರಾ, ಕುವೈತ್ ಕಡೆಯಿಂದ ಕುದುರೆಗಳು ಹಡಗಿನಲ್ಲಿ ಮುಂಬೈಗೆ ಬರುತ್ತಿದ್ದವು, ಬಹುಪಾಲು ಸೈನ್ಯಕ್ಕಾಗಿ. ಬೆಂಗಳೂರಿನ ಅಲಿ ಆಸ್ಕರ್ ರಸ್ತೆಗೆ ಹೆಸರು ಕೊಟ್ಟ ಆಗಾ ಅಲಿ ಆಸ್ಕರ್ ಪರ್ಷಿಯಾದ ಶಿರಾಜ್‌ನಿಂದ ಬಂದು ದಂಡಿನವರಿಗೆ ಕುದುರೆ ಮಾರಿದವರು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಅಜ್ಜ.

ಮೊದಲ ಆವೃತ್ತಿ, ಮುದ್ರಣ, ಇಶ್ಯೂ

ಸಂಗ್ರಾಹಕರ ಮಾತಿನಲ್ಲಿ ಈ ಮೂರು ಪದ ಪದೇ ಪದೇ ಬರುತ್ತವೆ. ಆ ಕಾಲದಲ್ಲಿ ಒಂದೊಂದು ಅಕ್ಷರದ ಸೀಸದ ಮೊಳೆ ಜೋಡಿಸಿ ಪುಟ ಕಟ್ಟುತ್ತಿದ್ದರು. ಒಮ್ಮೆ ಕಟ್ಟಿದ ಪುಟಗಳಿಂದ ಬಂದದ್ದೆಲ್ಲ ಒಂದು ಆವೃತ್ತಿ. ಅದೇ ಪುಟಗಳನ್ನು ಇನ್ನೊಮ್ಮೆ ಯಂತ್ರಕ್ಕೆ ಹಾಕಿದರೆ ಎರಡನೇ ಮುದ್ರಣ. ದೋಸೆ ಹಿಟ್ಟಿನ ಲೆಕ್ಕದಲ್ಲಿ ನೋಡಿ: ಒಂದು ಸಲ ರುಬ್ಬಿದ ಹಿಟ್ಟು ಆವೃತ್ತಿ. ಬೆಳಿಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು ಹಾಕಿದ್ದು ಮುದ್ರಣಗಳು. ಹೊಸದಾಗಿ ಅಕ್ಕಿ ನೆನೆಸಿ ರುಬ್ಬಿದರೆ ಅದು ಎರಡನೇ ಆವೃತ್ತಿ.

ಇಶ್ಯೂ ಅನ್ನುವುದು ಸ್ವಲ್ಪ ಸೂಕ್ಷ್ಮ. ಮುದ್ರಣ ಒಂದೇ, ಆದರೆ ಮಾರಾಟಕ್ಕೆ ಬಿಡುವಾಗ ಪ್ರಕಾಶಕರು ಏನೋ ಒಂದು ಬದಲಾಯಿಸಿರುತ್ತಾರೆ. ಮೆಕ್ಕಾದಿಂದ ಬಂದ ಮೇಲೆ ಬರ್ಟನ್ ಏಡನ್‌ನಿಂದ ಹೊರಟು ಆಫ್ರಿಕಾದ ಹರಾರ್‌ಗೆ ಹೋದರು. 1856ರಲ್ಲಿ ಬಂದ ಆ ಪುಸ್ತಕಕ್ಕೆ ಅವರು ಲ್ಯಾಟಿನ್‌ನಲ್ಲಿ ಒಂದು ಅನುಬಂಧ ಬರೆದಿದ್ದರು. ಅಲ್ಲಿನ ಹೆಣ್ಣುಮಕ್ಕಳ ಸುನ್ನತಿ ಪದ್ಧತಿಯ ವಿವರ ಅದರಲ್ಲಿತ್ತು. ಇದು ಅಶ್ಲೀಲ ಅಂತ ಪ್ರಕಾಶಕರು ಬೆದರಿ ಅದನ್ನು ಕೈಬಿಟ್ಟರು. ಹಾಗಿದ್ದೂ ಕೆಲವೇ ಪ್ರತಿಗಳಲ್ಲಿ ಆ ಹಾಳೆ ಉಳಿದುಕೊಂಡಿತು. ಅಂಥ ಪ್ರತಿ ಇವತ್ತು ಮಾಮೂಲಿ ಪ್ರತಿಗಿಂತ ಎಷ್ಟೋ ಪಾಲು ಜಾಸ್ತಿ ಬೆಲೆಗೆ ಹೋಗುತ್ತದೆ.

ಮೊದಲ ಆವೃತ್ತಿಯೇ ಬೇಕು ಅನ್ನುವ ಹಟ ಯಾಕೆ? ಪ್ರವಾಸ ಪುಸ್ತಕದಲ್ಲಿ ಇದಕ್ಕೆ ಒಂದು ಗಟ್ಟಿ ಕಾರಣ ಇದೆ. ಮೊದಲ ಸಲ ಪ್ರಕಾಶಕರು ಕೈ ಬಿಚ್ಚಿ ಖರ್ಚು ಮಾಡುತ್ತಾರೆ. ಬಣ್ಣದ ಚಿತ್ರ, ದೊಡ್ಡ ನಕ್ಷೆ, ಉದ್ದನೆಯ ಅನುಬಂಧ ಎಲ್ಲ ಇರುತ್ತದೆ. ಆಮೇಲಿನ ಅಗ್ಗದ ಆವೃತ್ತಿಯಲ್ಲಿ ಅವನ್ನು ಕತ್ತರಿಸುತ್ತಾರೆ. ಬರ್ಟನ್‌ನ ಮೂರು ಸಂಪುಟ 1857ರಲ್ಲಿ ಎರಡಾಯಿತು, 1879ರಲ್ಲಿ ಒಂದಾಯಿತು.

ಎಷ್ಟು ಪ್ರತಿ ಅಚ್ಚಾದವು ಅನ್ನುವುದೂ ಮುಖ್ಯ. ಪಾಲ್‌ಗ್ರೇವ್ ಪುಸ್ತಕಕ್ಕೆ ಜನ ಮುಗಿಬಿದ್ದರು, ಒಂದೆರಡು ವರ್ಷದಲ್ಲೇ ಮತ್ತೆ ಮತ್ತೆ ಅಚ್ಚಾಯಿತು. ಹಾಗಾಗಿ ಅದು ಇವತ್ತಿಗೂ ಸಿಗುತ್ತದೆ. ಡೌಟಿಯ ಪುಸ್ತಕವನ್ನು ಪ್ರಕಾಶಕರು ಒಬ್ಬರಾದ ಮೇಲೆ ಒಬ್ಬರು ಬೇಡ ಅಂದರು. ಭಾಷೆ ಬೇಕೆಂದೇ ಹಳೆಯ ಕಾಲದ್ದು, ಓದಲು ಕಷ್ಟ. ಕೊನೆಗೆ ಅಚ್ಚಾದದ್ದು 500 ಪ್ರತಿ. ಈಗ ಈ ಗುಂಪಿನ ಅತಿ ಬೇಡಿಕೆಯ ಪುಸ್ತಕಗಳಲ್ಲಿ ಅದೂ ಒಂದು.

ಎಣಿಸಿ ನೋಡುವ ಕೆಲಸ

ಈ ಸಂಗ್ರಹದಲ್ಲಿ ಕಲಿಯಲೇಬೇಕಾದ ಒಂದೇ ವಿದ್ಯೆ ಯಾವುದು ಅಂದರೆ ನಾನು ಇದನ್ನೇ ಹೇಳುತ್ತೇನೆ. ವ್ಯಾಪಾರಿಗಳು ಇದಕ್ಕೆ ‘ಕೊಲೇಷನ್’ ಅನ್ನುತ್ತಾರೆ. ಅಚ್ಚುಕೂಟದಿಂದ ಹೊರಬಂದಾಗ ಪುಸ್ತಕದಲ್ಲಿ ಏನೇನಿತ್ತೋ ಅದೆಲ್ಲ ಈಗಲೂ ಇದೆಯಾ ಅಂತ ಹಾಳೆ ಹಾಳೆ ತಿರುವಿ ನೋಡುವುದು.

ಪುಟಸಂಖ್ಯೆ ನೋಡಿದರೆ ಸಾಲದಾ? ಸಾಲದು. ಚಿತ್ರದ ಹಾಳೆಗಳನ್ನು ಬೇರೆ ಕಡೆ ಅಚ್ಚು ಮಾಡಿ ತಂದು ಪುಟಗಳ ನಡುವೆ ಅಂಟಿಸುತ್ತಿದ್ದರು. ಅವಕ್ಕೆ ಪುಟಸಂಖ್ಯೆ ಇರುವುದಿಲ್ಲ. ಒಂದು ಹರಿದು ಹೋದರೂ ಗೊತ್ತಾಗುವುದಿಲ್ಲ. ಅದಕ್ಕೆ ಮುಂದಿನ ಪುಟಗಳಲ್ಲಿ ‘ಚಿತ್ರಗಳ ಪಟ್ಟಿ’ ಇರುತ್ತದೆ. ಅದನ್ನು ಹಿಡಿದು ಒಂದೊಂದನ್ನೂ ಹುಡುಕಬೇಕು.

ಪಠ್ಯದ ಹಾಳೆಗಳಿಗೆ ಇನ್ನೊಂದು ಗುರುತು ಇದೆ. ನಮ್ಮ ಅಚ್ಚುಕೂಟದವರು ‘ಫಾರಂ’ ಅನ್ನುತ್ತಾರಲ್ಲ, ದೊಡ್ಡ ಹಾಳೆ ಮಡಿಚಿ ಎಂಟೋ ಹದಿನಾರೋ ಪುಟ ಮಾಡಿದ ಕಟ್ಟು, ಅಂಥ ಪ್ರತಿ ಕಟ್ಟಿನ ಮೊದಲ ಪುಟದ ಕೆಳಗೆ ಒಂದು ಚಿಕ್ಕ ಇಂಗ್ಲಿಷ್ ಅಕ್ಷರ ಇರುತ್ತದೆ. ಬಿ, ಸಿ, ಡಿ ಹೀಗೆ. ಬೈಂಡರ್‌ಗೆ ಸರಿಯಾದ ಕ್ರಮ ತಿಳಿಯಲಿ ಅಂತ. ಅಂದಹಾಗೆ ಈ ಸಾಲಿನಲ್ಲಿ ಜೆ, ವಿ, ಡಬ್ಲ್ಯು ಬರುವುದಿಲ್ಲ. ಹಳೆಯ ಲ್ಯಾಟಿನ್ ಅಕ್ಷರಮಾಲೆಯ ರೂಢಿ ಅದು. ‘ಐ ಆದ ಮೇಲೆ ಜೆ ಇಲ್ಲ, ಹಾಳೆ ಹೋಗಿದೆ’ ಅಂತ ಗಾಬರಿಯಾಗಬೇಕಿಲ್ಲ.

ಎಲ್ಲಕ್ಕಿಂತ ಮೊದಲು ಕಳೆದುಹೋಗುವುದು ನಕ್ಷೆ. ಇದರ ಕಾರಣ ಸರಳ. ದೊಡ್ಡ ಹಾಳೆಯನ್ನು ಆರೇಳು ಸಲ ಮಡಿಚಿ ಇಟ್ಟಿರುತ್ತಾರೆ. ಪ್ರತಿ ಸಲ ಬಿಚ್ಚಿದಾಗಲೂ ಮಡಿಕೆಯಲ್ಲಿ ಸೀಳುತ್ತದೆ. ಕೆಲವು ಪುಸ್ತಕಗಳಲ್ಲಿ ರಟ್ಟಿನ ಒಳಗೆ ಜೇಬು ಮಾಡಿ ನಕ್ಷೆಯನ್ನು ಸಡಿಲವಾಗಿ ಇಟ್ಟಿರುತ್ತಾರೆ. ಡೌಟಿಯ 1888ರ ಪುಸ್ತಕದ ದೊಡ್ಡ ನಕ್ಷೆ ಹಾಗೆ ಇರುವಂಥದ್ದು. ಯಾರೋ ಮೇಜಿನ ಮೇಲೆ ಹರಡಿಕೊಂಡು ನೋಡುತ್ತಾರೆ, ಮತ್ತೆ ಜೇಬಿಗೆ ಹಾಕುವುದಿಲ್ಲ, ಅಷ್ಟೇ ಕಥೆ. ಅರೇಬಿಯಾದ ಒಳನಾಡು ಯುರೋಪಿನ ನಕ್ಷೆಗಳಲ್ಲಿ ಆಗ ಬಹುಪಾಲು ಖಾಲಿ ಇತ್ತು. ಆ ಖಾಲಿ ಜಾಗ ತುಂಬಿದ ಹಾಳೆಯೇ ಇಲ್ಲದ ಪುಸ್ತಕಕ್ಕೆ ಸಂಗ್ರಾಹಕರು ಅರ್ಧ ಬೆಲೆ ಕೊಡಲೂ ಹಿಂಜರಿಯುವುದು ಸಹಜ.

ಬೇಕೆಂದೇ ಹರಿದವೂ ಇವೆ. ಡೇವಿಡ್ ರಾಬರ್ಟ್ಸ್ ಅನ್ನುವ ಚಿತ್ರಕಾರ 1838–39ರಲ್ಲಿ ಈಜಿಪ್ಟ್, ಪೆಟ್ರಾ, ಜೆರುಸಲೇಮ್ ಸುತ್ತಿ ಬಂದರು. ಅವರ ಚಿತ್ರಗಳನ್ನು ಲೂಯಿ ಹಾಗ್ ಕಲ್ಲಚ್ಚಿಗೆ (ಲಿಥೋಗ್ರಾಫ್) ಇಳಿಸಿದರು. 1842ರಿಂದ 1849ರವರೆಗೆ ಕಂತು ಕಂತಾಗಿ, ಮುಂಗಡ ಕೊಟ್ಟ ಚಂದಾದಾರರಿಗೆ ಹೋದ ದೊಡ್ಡ ಗಾತ್ರದ ಸಂಪುಟಗಳು ಅವು. ಸುಮಾರು 250 ಚಿತ್ರ. ಇಡೀ ಪುಸ್ತಕ ಮಾರುವುದಕ್ಕಿಂತ ಒಂದೊಂದು ಚಿತ್ರ ಕತ್ತರಿಸಿ ಫ್ರೇಮ್ ಹಾಕಿ ಮಾರಿದರೆ ಲಾಭ ಜಾಸ್ತಿ ಅಂತ ಕಂಡುಕೊಂಡ ವ್ಯಾಪಾರಿಗಳು ಎಷ್ಟೋ ಸೆಟ್‌ಗಳನ್ನು ಬಿಡಿ ಮಾಡಿದರು. ಹೋಟೆಲ್ ಲಾಬಿಗಳಲ್ಲಿ ನೇತಾಡುವ ಬಿಡಿ ಚಿತ್ರಗಳಲ್ಲಿ ಅಸಲಿ ಯಾವುದಾದರೂ ಇದ್ದರೆ ಅದರ ಹಿಂದೆ ಹರಿದ ಪುಸ್ತಕ ಒಂದಿದೆ. ಕಾನೂನಿನಲ್ಲಿ ತಪ್ಪಿಲ್ಲ, ಆದರೂ ನನಗೆ ಇದು ಹಿಡಿಸುವುದಿಲ್ಲ.

ರಟ್ಟು ಮತ್ತು ಕಾಗದ

1830ರ ಹೊತ್ತಿಗೆ ಪ್ರಕಾಶಕರೇ ಬಟ್ಟೆ ರಟ್ಟು ಹಾಕಿ ಪುಸ್ತಕ ಮಾರುವುದು ಶುರುವಾಗಿತ್ತು. ಅನುಕೂಲಸ್ಥರು ಅದನ್ನು ಕಿತ್ತು ತಮ್ಮ ಗ್ರಂಥಾಲಯಕ್ಕೆ ಹೊಂದುವಂತೆ ಚರ್ಮದ ಬೈಂಡಿಂಗ್ ಮಾಡಿಸುತ್ತಿದ್ದರು. ನೋಡಲು ಚರ್ಮದ್ದೇ ಚೆಂದ. ಆದರೆ ಸಂಗ್ರಾಹಕರು ಕೇಳುವುದು ಮಾಸಿದ ಆ ಮೂಲ ಬಟ್ಟೆಯನ್ನೇ. ಅದು ಉಳಿದಿರುವುದು ಕಡಿಮೆ, ಮತ್ತೆ ಮೊದಲ ದಿನ ಅಂಗಡಿಯಲ್ಲಿ ಪುಸ್ತಕ ಹೇಗಿತ್ತೋ ಹಾಗೇ ಇದೆ ಅನ್ನುವುದಕ್ಕೆ ಅದೇ ಸಾಕ್ಷಿ. ಹೊಸ ಬೈಂಡಿಂಗ್ ಮಾಡುವಾಗ ಅಂಚು ಕತ್ತರಿಸುತ್ತಾರೆ, ಕೊನೆಯಲ್ಲಿದ್ದ ಪ್ರಕಾಶಕರ ಜಾಹೀರಾತು ಪುಟಗಳನ್ನು ಎಸೆಯುತ್ತಾರೆ. ಆ ಜಾಹೀರಾತಿಗೂ ಬೆಲೆ ಇದೆ. ಅದರ ಮೇಲಿನ ತಿಂಗಳು, ವರ್ಷ ನೋಡಿ ಪ್ರತಿ ಯಾವಾಗ ಬೈಂಡ್ ಆಯಿತು ಅಂತ ಅಂದಾಜು ಮಾಡಬಹುದು.

ಹಾಳೆಯ ಮೇಲೆ ಕಂದು ಚುಕ್ಕೆಗಳು ಕಂಡರೆ ಅದು ‘ಫಾಕ್ಸಿಂಗ್’. ಬೂಷ್ಟು ಮತ್ತು ಕಾಗದದಲ್ಲಿರುವ ಕಬ್ಬಿಣದ ಕಣ ಎರಡೂ ಕಾರಣ ಅನ್ನುತ್ತಾರೆ, ತೇವ ಇದ್ದರೆ ಜಾಸ್ತಿ. ಸ್ವಲ್ಪ ಇದ್ದರೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಚರ್ಮದ ಬೆನ್ನು ಮುಟ್ಟಿದಾಗ ಕೈಗೆ ಕೆಂಪು ಪುಡಿ ಹತ್ತಿದರೆ ಮಾತ್ರ ಚರ್ಮವೇ ಸಾಯುತ್ತಿದೆ ಅಂತ ಅರ್ಥ.

ಯಾರ ಕೈಯಲ್ಲಿತ್ತು?

ಪುಸ್ತಕದ ಹಿಂದಿನ ಒಡೆಯರ ಸರಣಿಗೆ ‘ಪ್ರಾವನೆನ್ಸ್’ ಅನ್ನುತ್ತಾರೆ. ಲೇಖಕರು ಸಹಿ ಹಾಕಿ ಸ್ನೇಹಿತರಿಗೆ ಕೊಟ್ಟ ಪ್ರತಿ, ಇನ್ನೊಬ್ಬ ಪ್ರವಾಸಿ ಅಂಚಿನಲ್ಲಿ ಟಿಪ್ಪಣಿ ಗೀಚಿದ ಪ್ರತಿ ಇವಕ್ಕೆ ಬೆಲೆ ಹೆಚ್ಚು. ಲಂಡನ್ನಿನಲ್ಲಿ 1842ರಲ್ಲಿ ಶುರುವಾದ ಮ್ಯೂಡಿಯ ಬಾಡಿಗೆ ಗ್ರಂಥಾಲಯದ ಚೀಟಿ ಇದ್ದರೆ ಬೆಲೆ ಇಳಿಯುತ್ತದೆ. ಹತ್ತಾರು ಮನೆ ಸುತ್ತಿ ಸವೆದ ಪ್ರತಿ ಅದು. ಗ್ರಂಥಾಲಯದ ಮೊಹರು ಇದ್ದು, ‘ವಿಲೇವಾರಿ ಆಗಿದೆ’ ಅನ್ನುವ ಮೊಹರು ಇಲ್ಲದಿದ್ದರೆ ಕೊಳ್ಳಬೇಡಿ. ಕದ್ದ ಮಾಲಾಗಿರಬಹುದು.

ಮೋಸ ಹೋಗುವ ಜಾಗಗಳು

ಮೊದಲನೆಯದು ಆನ್‌ಲೈನ್ ಮರುಮುದ್ರಣ. ಶೀರ್ಷಿಕೆಯ ಪಕ್ಕ ‘1855’ ಅಂತ ಹಾಕಿರುತ್ತಾರೆ. ಚಿನ್ನದ ಅಕ್ಷರದ ಚರ್ಮದ ರಟ್ಟಿನ ಫೋಟೋ ಇರುತ್ತದೆ. ಕೆಳಗೆ ಸಣ್ಣದಾಗಿ ‘ಹಳೆಯ ಪ್ರತಿಯಿಂದ ಮರುಮುದ್ರಣ’ ಅಂತ ಇರುತ್ತದೆ. ಅದು ಸ್ಕ್ಯಾನ್ ಮಾಡಿ ಆರ್ಡರ್ ಬಂದಾಗ ಅಚ್ಚು ಹಾಕುವ ಪ್ರತಿ. ಓದಲು ತೊಂದರೆಯಿಲ್ಲ. ಆದರೆ ಮಡಿಚಿದ ನಕ್ಷೆಯನ್ನು ಬಿಚ್ಚದೆಯೇ ಸ್ಕ್ಯಾನ್ ಮಾಡಿರುತ್ತಾರೆ, ನಕ್ಷೆಯ ಒಂದು ಮೂಲೆ ಮಾತ್ರ ಸಿಗುತ್ತದೆ.

ಎರಡನೆಯದು ‘ಸೀಮಿತ ಪ್ರತಿ’ ಅನ್ನುವ ಮಾತು. ಬರ್ಟನ್‌ನ ‘ಅರೇಬಿಯನ್ ನೈಟ್ಸ್’ ಪ್ರವಾಸಕಥನ ಅಲ್ಲ, ಆದರೂ ಇದೇ ಕಪಾಟಿನಲ್ಲಿ ಬಂದು ಕೂರುತ್ತದೆ. 1885ರಿಂದ ಹತ್ತು ಸಂಪುಟ, ಆಮೇಲೆ ಪೂರಕವಾಗಿ ಆರು. ಅಶ್ಲೀಲತೆಯ ಕಾನೂನಿನಿಂದ ತಪ್ಪಿಸಿಕೊಳ್ಳಲು ‘ಕಾಮಶಾಸ್ತ್ರ ಸೊಸೈಟಿ, ಬನಾರಸ್’ ಅಂತ ಹಾಕಿದರು. ಬನಾರಸಿಗೂ ಅದಕ್ಕೂ ಸಂಬಂಧ ಇಲ್ಲ, ಅಚ್ಚಾದದ್ದು ಇಂಗ್ಲೆಂಡಿನಲ್ಲೇ. ಚಂದಾದಾರರಿಗೆ 1000 ಸೆಟ್ ಮಾತ್ರ, ಸಂಪುಟಕ್ಕೆ ಒಂದು ಗಿನಿ, ಅಂದರೆ ಒಂದು ಪೌಂಡಿಗಿಂತ ತುಸು ಹೆಚ್ಚು. ಮುಂದೆ ಇಪ್ಪತ್ತನೇ ಶತಮಾನದಲ್ಲಿ ‘ಬರ್ಟನ್ ಕ್ಲಬ್’ ಹೆಸರಿನಲ್ಲಿ ಅಮೆರಿಕದಲ್ಲಿ ಒಂದರ ಹಿಂದೆ ಒಂದು ಸೆಟ್ ಬಂದವು. ಪ್ರತಿಯೊಂದಕ್ಕೂ ಬೇರೆ ಬೇರೆ ಹೆಸರು, ಪ್ರತಿಯೊಂದರಲ್ಲೂ ‘ಇಷ್ಟೇ ಪ್ರತಿ’ ಅನ್ನುವ ಘೋಷಣೆ. ಹಳೆಯ ಬಂಗಲೆಗಳ ಕಪಾಟಿನಲ್ಲಿ ಸಿಗುವ ಹದಿನಾರು ಹದಿನೇಳು ಸಂಪುಟದ ಸೆಟ್ ಈ ಜಾತಿಯದೇ ಆಗಿರುವ ಸಂಭವ ಹೆಚ್ಚು. ಒಂದು ಸುಲಭ ಗುರುತು: 1885ರ ಅಸಲಿಯಲ್ಲಿ ಚಿತ್ರಗಳಿಲ್ಲ.

ಮೂರನೆಯದು ನಕಲಿ ನಕ್ಷೆ, ನಕಲಿ ಚಿತ್ರ. ಕಳೆದುಹೋದ ಹಾಳೆಯ ಜಾಗಕ್ಕೆ ಬಣ್ಣದ ಜೆರಾಕ್ಸ್ ಸೇರಿಸಿರುತ್ತಾರೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಕನ್ನಡಿ ಇಟ್ಟು ನೋಡಿ. ಇವತ್ತಿನ ಮುದ್ರಣದಲ್ಲಿ ಸಾಲಾಗಿ ಜೋಡಿಸಿದ ಸಣ್ಣ ಬಣ್ಣದ ಚುಕ್ಕೆಗಳು ಕಾಣುತ್ತವೆ. ಹಳೆಯ ಕಲ್ಲಚ್ಚಿನಲ್ಲಿ ಕ್ರೇಯಾನ್ ಎಳೆದಂಥ ಒರಟು ಕಣ ಕಾಣುತ್ತದೆ. ಕೈಯಿಂದ ಬಣ್ಣ ಹಾಕಿದ್ದಾದರೆ ಬಣ್ಣ ಗೆರೆ ದಾಟಿ ಅಲ್ಲಲ್ಲಿ ಹರಿದಿರುತ್ತದೆ.

ಒಂದು ಸಂಪುಟ ಒಂದು ಕಡೆಯಿಂದ, ಇನ್ನೊಂದು ಇನ್ನೆಲ್ಲಿಂದಲೋ ತಂದು ಜೋಡಿ ಮಾಡಿದ ಸೆಟ್‌ಗಳೂ ಇವೆ. ಬರ್ಟನ್‌ನ ಮೂರನೇ ಸಂಪುಟ ತಡವಾಗಿ ಬಂದದ್ದರಿಂದ ಅಲ್ಲಿ ಈ ಎಚ್ಚರ ಬೇಕು. ಬಟ್ಟೆಯ ಬಣ್ಣ, ಮಾಸಿದ ರೀತಿ, ಒಡೆಯರ ಹೆಸರು ಮೂರರಲ್ಲೂ ಒಂದೇನಾ ನೋಡಿ.

ಮುಂಬೈಯ ಬೈಕುಲ್ಲಾದಲ್ಲಿ ಅಚ್ಚಾದವು

ಲಂಡನ್ನಿನ ಚೆಂದದ ಸಂಪುಟಗಳೇ ಅತಿ ಅಪರೂಪ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅವನ್ನು ಮಾರಲು ಅಚ್ಚು ಮಾಡಿದ್ದು, ಹಾಗಾಗಿ ನೂರಾರು ಉಳಿದಿವೆ. ನಿಜವಾಗಿ ಸಿಗದವು ಬೇರೆ. ಚಿತ್ರವಿಲ್ಲದ, ಬಣ್ಣವಿಲ್ಲದ, ಸರ್ಕಾರಿ ವರದಿಗಳು. ಅವು ಮುಂಬೈಯಲ್ಲಿ ಅಚ್ಚಾದವು.

1865ರಲ್ಲಿ ಕೊಲ್ಲಿಯ ರೆಸಿಡೆಂಟ್ ಆಗಿದ್ದ ಲೂಯಿಸ್ ಪೆಲ್ಲಿ ಕುವೈತ್‌ನಿಂದ ಹೊರಟು ರಿಯಾಧ್ ತಲುಪಿದರು. ವೇಷವಿಲ್ಲ, ಬ್ರಿಟಿಷ್ ಅಧಿಕಾರಿಯಾಗಿಯೇ ಹೋದದ್ದು. ನಜ್ದ್‌ನ ದೊರೆ ಫೈಸಲ್ ಬಿನ್ ತುರ್ಕಿಯನ್ನು ಕಂಡು ಮಾತಾಡುವುದು ಒಂದು ಉದ್ದೇಶ. ರಿಯಾಧ್ ಭೂಪಟದಲ್ಲಿ ಸರಿಯಾಗಿ ಎಲ್ಲಿದೆ ಅಂತ ಅಳೆಯುವುದು ಇನ್ನೊಂದು. ಬಂದು ಬರೆದ ವರದಿ 1866ರಲ್ಲಿ ಬೈಕುಲ್ಲಾದ ಎಜುಕೇಶನ್ ಸೊಸೈಟಿಯ ಅಚ್ಚುಕೂಟದಲ್ಲಿ ಸರ್ಕಾರಕ್ಕಾಗಿ ಅಚ್ಚಾಯಿತು. ಅಂಗಡಿಗೆ ಬರಲೇ ಇಲ್ಲ. ಏಡನ್‌ನಲ್ಲಿದ್ದ ಪ್ಲೇಫೇರ್ ಬರೆದ ಯೆಮನ್ ಇತಿಹಾಸ 1859ರದು. ಅದೂ ಅದೇ ಅಚ್ಚುಕೂಟದ್ದು. ಬಾಂಬೆ ಸರ್ಕಾರದ ದಾಖಲೆಗಳಿಂದ ಆಯ್ದು 1856ರಲ್ಲಿ ತಂದ 24ನೇ ಸಂಚಿಕೆಯಲ್ಲಿ ಕೊಲ್ಲಿಯ ಬುಡಕಟ್ಟುಗಳು, ಒಪ್ಪಂದಗಳು, ಬಂದರುಗಳ ವಿವರ ಇದೆ. ಇವತ್ತಿನ ಎಮಿರೇಟ್ಸ್, ಕತಾರ್, ಬಹ್ರೇನ್ ಚರಿತ್ರೆ ಬರೆಯುವವರು ಇದನ್ನು ಬಿಟ್ಟು ಬರೆಯುವುದು ಕಷ್ಟ.

ಇಂಥ ವರದಿಗಳು ಕಚೇರಿಗಳಿಗೆ, ಕಮಿಷನರ್‌ಗಳಿಗೆ ಹೋದವು. ಕಾಗದ ಸಾಧಾರಣ. ಕೆಲಸ ಮುಗಿದ ಮೇಲೆ ರದ್ದಿಗೆ. ಉಳಿದವನ್ನೂ ಗುಮಾಸ್ತರು ನಾಲ್ಕೈದು ಒಟ್ಟಿಗೆ ಸೇರಿಸಿ ಒಂದೇ ರಟ್ಟು ಹಾಕಿಸುತ್ತಿದ್ದರು. ಬೆನ್ನಿನ ಮೇಲೆ ಮೊದಲ ವರದಿಯ ಹೆಸರು ಮಾತ್ರ ಇರುತ್ತದೆ. ಗುಜರಿಯಲ್ಲೋ ಹಳೇ ಪುಸ್ತಕದಂಗಡಿಯಲ್ಲೋ ಬಾಂಬೆ ಸರ್ಕಾರದ ಹತ್ತಿ ಬೆಳೆ ವರದಿ ಕಂಡರೆ ಒಳಗೆ ಪೂರ್ತಿ ತಿರುವಿ ನೋಡಿ. ಮೂರನೆಯದೋ ನಾಲ್ಕನೆಯದೋ ಮಸ್ಕತ್ತಿನದಾಗಿರಬಹುದು.

ಬೆಲೆ ಏರಿದ್ದು ಹೇಗೆ?

1970ರ ದಶಕದಲ್ಲಿ ತೈಲದ ಹಣ ಬಂದ ಮೇಲೆ ಕೊಲ್ಲಿ ದೇಶಗಳು ತಮ್ಮ ಚರಿತ್ರೆಯ ದಾಖಲೆಗಳನ್ನು ಕೊಳ್ಳಲು ಶುರು ಮಾಡಿದವು. ಅಲ್ಲಿನ ಬದುಕು ಬಹಳಷ್ಟು ಬಾಯಿಂದ ಬಾಯಿಗೆ ಬಂದದ್ದು. 19ನೇ ಶತಮಾನದ ಒಂದು ಬಂದರು ಹೇಗಿತ್ತು ಅಂತ ಬರಹದಲ್ಲಿ ಬೇಕಾದರೆ ಹಲವು ಕಡೆ ಈ ಪುಸ್ತಕಗಳನ್ನೇ ನೋಡಬೇಕು, ಅವುಗಳ ಆಳುವವರ ಧೋರಣೆಯನ್ನು ಸಹಿಸಿಕೊಂಡು. ರಾಷ್ಟ್ರೀಯ ಗ್ರಂಥಾಲಯಗಳು, ಮ್ಯೂಸಿಯಂಗಳು, ಶ್ರೀಮಂತ ಮನೆತನಗಳು ಕೊಳ್ಳಲು ಇಳಿದವು. ದೊಡ್ಡ ಖಾಸಗಿ ಸಂಗ್ರಹಗಳು ಲಂಡನ್ನಿನಲ್ಲಿ ಹರಾಜಾದಾಗ ಪೈಪೋಟಿ ಎದ್ದು ಕಂಡಿತು. 1999ರಲ್ಲಿ ಸದಬೀಸ್ ಹರಾಜು ಸಂಸ್ಥೆಯಲ್ಲಿ ಮಾರಾಟವಾದ ರಾಬರ್ಟ್ ಮೈಕೆಲ್ ಬರೆಲ್ ಸಂಗ್ರಹದ ಹೆಸರನ್ನು ವ್ಯಾಪಾರಿಗಳು ಇವತ್ತಿಗೂ ತಮ್ಮ ಪಟ್ಟಿಗಳಲ್ಲಿ ಹಾಕುತ್ತಾರೆ. ಗ್ರಂಥಾಲಯ ಕೊಂಡ ಪ್ರತಿ ಮತ್ತೆ ಮಾರುಕಟ್ಟೆಗೆ ಬರುವುದು ಬಹಳ ಅಪರೂಪ. ಹೀಗಾಗಿ ಉಳಿದವುಗಳ ಸಂಖ್ಯೆ ಕಡಿಮೆಯಾಗುತ್ತಲೇ ಇದೆ.

ಓದುವುದಷ್ಟೇ ಬೇಕಿದ್ದರೆ ದುಡ್ಡು ಬೇಡ. ಕತಾರ್ ರಾಷ್ಟ್ರೀಯ ಗ್ರಂಥಾಲಯ ಮತ್ತು ಬ್ರಿಟಿಷ್ ಲೈಬ್ರರಿ ಸೇರಿ 2014ರಲ್ಲಿ ತೆರೆದ ಕತಾರ್ ಡಿಜಿಟಲ್ ಲೈಬ್ರರಿಯಲ್ಲಿ ಲಂಡನ್ನಿನಿಂದ ಭಾರತದ ಆಡಳಿತ ನೋಡುತ್ತಿದ್ದ ಇಂಡಿಯಾ ಆಫೀಸಿನ ಕಡತಗಳು, ಕೊಲ್ಲಿಯ ನಕ್ಷೆಗಳು ಪುಕ್ಕಟೆ ಸಿಗುತ್ತವೆ.

ಕಡಿಮೆ ದುಡ್ಡಿನಲ್ಲಿ ಶುರು ಮಾಡುವವರಿಗೆ

ಬರ್ಟನ್‌ನ ಮೊದಲ ಆವೃತ್ತಿಯಿಂದ ಶುರು ಮಾಡಬೇಡಿ. 1893ರಲ್ಲಿ ಬರ್ಟನ್ ನೆನಪಿಗೆ ತಂದ ಎರಡು ಸಂಪುಟದ ಆವೃತ್ತಿ ಇದೆ. ಡೌಟಿಯ ಪುಸ್ತಕವನ್ನು 1921ರಲ್ಲಿ ‘ಲಾರೆನ್ಸ್ ಆಫ್ ಅರೇಬಿಯಾ’ ಅಂತ ಹೆಸರಾದ ಟಿ. ಇ. ಲಾರೆನ್ಸ್ ಮುನ್ನುಡಿಯೊಂದಿಗೆ ಮತ್ತೆ ತಂದರು. ಆಮೇಲಿನ ಮುದ್ರಣಗಳು ಕೈಗೆಟುಕುತ್ತವೆ.

ಕನ್ನಡಿಗರಿಗೆ ನಾನು ಸೂಚಿಸುವುದು ಬೇರೆಯೇ ಒಂದು. ಇಟಲಿಯ ಲುಡೊವಿಕೊ ಡಿ ವರ್ತೆಮಾ 1503ರಲ್ಲೇ, ಬರ್ಟನ್‌ಗಿಂತ 350 ವರ್ಷ ಮುಂಚೆ, ಸೈನಿಕನ ವೇಷದಲ್ಲಿ ಮೆಕ್ಕಾಗೆ ಹೋಗಿದ್ದ. ಅಲ್ಲಿಂದ ತಪ್ಪಿಸಿಕೊಂಡು ಭಾರತಕ್ಕೆ ಬಂದ. ಅವನ ಪುಸ್ತಕದಲ್ಲಿ ಭಟ್ಕಳ ಇದೆ, ವಿಜಯನಗರವೂ ಇದೆ. ಇದರ ಇಂಗ್ಲಿಷ್ ಅನುವಾದವನ್ನು ಲಂಡನ್ನಿನ ಹ್ಯಾಕ್ಲುಯ್ಟ್ ಸೊಸೈಟಿ 1863ರಲ್ಲಿ ಪ್ರಕಟಿಸಿತು. ಟಿಪ್ಪಣಿ ಬರೆದವರು ಬಾಂಬೆ ಪ್ರಾಂತ್ಯದಲ್ಲಿ ಪಾದ್ರಿಯಾಗಿದ್ದ ಜಾರ್ಜ್ ಪರ್ಸಿ ಬ್ಯಾಡ್ಜರ್. ಮೆಕ್ಕಾ ಮತ್ತು ವಿಜಯನಗರ ಒಂದೇ ರಟ್ಟಿನ ನಡುವೆ ಇರುವ ವಿಕ್ಟೋರಿಯನ್ ಪುಸ್ತಕ ಇದು. ಬೆಲೆ ಬರ್ಟನ್‌ಗೆ ಹೋಲಿಸಿದರೆ ಏನೂ ಅಲ್ಲ.

ದುಡ್ಡು ಹಾಕುವ ಮುಂಚೆ ಪಟ್ಟಿಗಳನ್ನು ಓದಿ. ಎರಿಕ್ ಮ್ಯಾಕ್ರೋ 1958ರಲ್ಲಿ ತಂದ ಅರೇಬಿಯಾದ ಗ್ರಂಥಸೂಚಿ, ಬರ್ಟನ್ ಬಗ್ಗೆ ನಾರ್ಮನ್ ಪೆಂಜರ್ 1923ರಲ್ಲಿ ಮಾಡಿದ ಸೂಚಿ ಎರಡನ್ನೂ ವ್ಯಾಪಾರಿಗಳು ಹೆಸರಿಸುತ್ತಾರೆ. ಹಳೆಯ ಹರಾಜಿನ ಕೆಟಲಾಗ್‌ಗಳೂ ಒಳ್ಳೆಯ ಪಾಠ.

ನಮ್ಮ ಮಳೆಗಾಲದಲ್ಲಿ ಇಡುವುದು

ಮಂಗಳೂರು, ಉಡುಪಿಯ ಮಳೆಗಾಲ ಪುಸ್ತಕದ ಮೊದಲ ಶತ್ರು. ಗಾಜಿನ ಬಾಗಿಲು ಬಿಗಿಯಾಗಿ ಮುಚ್ಚಿದರೆ ಒಳಗೆ ಬೂಷ್ಟು ಬರುತ್ತದೆ. ಗಾಳಿ ಆಡಬೇಕು. ಕಪಾಟು ಹೊರಗೋಡೆಗೆ ಒರಗಿರಬಾರದು, ಗೆದ್ದಲು ಅಲ್ಲಿಂದಲೇ ಬರುವುದು. ಗಾಳಿಯ ತೇವಾಂಶ ಶೇಕಡಾ 50ರ ಆಸುಪಾಸಿನಲ್ಲಿದ್ದರೆ ಒಳ್ಳೆಯದು, ಅಳೆಯುವ ಪುಟ್ಟ ಯಂತ್ರ ಅಗ್ಗಕ್ಕೇ ಸಿಗುತ್ತದೆ. ಹಸಿ ಬೇವಿನ ಎಲೆ ಇಟ್ಟರೆ ತೇವ, ಕಲೆ ಎರಡೂ ಆಗುತ್ತದೆ. ಹರಿದ ಹಾಳೆಗೆ ಸೆಲೋಟೇಪ್ ಹಾಕಲೇಬೇಡಿ. ಅದರ ಅಂಟು ಕಾಗದದೊಳಗೆ ಇಳಿದು ಹಳದಿಯಾಗುತ್ತದೆ, ತೆಗೆಯುವುದು ತಜ್ಞರಿಗೂ ಕಷ್ಟ. ಲ್ಯಾಮಿನೇಷನ್ ಮಾಡಿಸಿದ ನಕ್ಷೆಯಂತೂ ಕೆಲಸ ಮುಗಿದಂತೆ.

ದೇಶ ದಾಟಿಸುವ ಮುಂಚೆ

ಊರಿನಲ್ಲಿ ಸಿಕ್ಕ ಹಳೆಯ ಪ್ರತಿಯನ್ನು ದುಬೈಗೆ ಒಯ್ದು ಮಾರೋಣ ಅನ್ನುವ ಆಸೆ ಬರಬಹುದು. ಪ್ರಾಚೀನ ವಸ್ತುಗಳ ಬಗ್ಗೆ ನಮ್ಮಲ್ಲಿ 1972ರ ಕಾಯ್ದೆ ಇದೆ. ಅದರ ಪ್ರಕಾರ ಐತಿಹಾಸಿಕ ಅಥವಾ ಸಾಹಿತ್ಯಿಕ ಮಹತ್ವದ ಹಸ್ತಪ್ರತಿ, ದಾಖಲೆ 75 ವರ್ಷ ದಾಟಿದ್ದರೆ ಅದು ಪ್ರಾಚೀನ ವಸ್ತು. ಅದನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ಅಂಗಡಿಯಲ್ಲಿ ಮಾರಿದ ಅಚ್ಚು ಪುಸ್ತಕ, ಸರ್ಕಾರಿ ವರದಿ, ಕೈಬರಹದ ಟಿಪ್ಪಣಿ ಇರುವ ಪ್ರತಿ ಇವನ್ನು ಕಸ್ಟಮ್ಸ್‌ನವರು ಒಂದೇ ರೀತಿ ನೋಡುತ್ತಾರೆ ಅಂತ ನಂಬಿಕೊಂಡು ಹೊರಡಬೇಡಿ. ಮೊದಲು ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಗೆ ತೋರಿಸಿ, ‘ಇದು ಪ್ರಾಚೀನ ವಸ್ತುವಲ್ಲ’ ಅನ್ನುವ ಪ್ರಮಾಣಪತ್ರ ಪಡೆಯಬಹುದು. ಅಲ್ಲಿಂದ ಇಲ್ಲಿಗೆ ತರುವಾಗ ಕೊಂಡ ಬಿಲ್ ಜೊತೆಗಿರಲಿ. ಬಿಲ್ ಮೇಲೆ ಪುಸ್ತಕದ ಹೆಸರು, ಅಚ್ಚಾದ ವರ್ಷ, ಸಂಪುಟಗಳ ಸಂಖ್ಯೆ, ಎಷ್ಟು ನಕ್ಷೆ, ಎಷ್ಟು ಚಿತ್ರ ಎಲ್ಲವನ್ನೂ ವ್ಯಾಪಾರಿಯಿಂದ ಬರೆಸಿಕೊಳ್ಳಿ. ಮುಂದೆ ಒಂದು ಹಾಳೆ ಕಡಿಮೆ ಇದೆ ಅಂತ ಗೊತ್ತಾದರೆ ವಾಪಸ್ ಕೊಡಲು ಅದೇ ಕಾಗದ ಬೇಕಾಗುತ್ತದೆ.